ತುಪ್ಪಕ್ಕೆ ಹಾಕುವ ಎಲೆ, ಹೃದಯಕ್ಕೆ ನುಂಗುವ ಮಾತ್ರೆ



ಬೆಣ್ಣೆ ಕಾಯಿಸಿ ತುಪ್ಪ ಮಾಡುವಾಗ ಕೊನೆಯಲ್ಲಿ ಒಂದು ವೀಳ್ಯದೆಲೆಯನ್ನೋ ಒಂದಿಷ್ಟು ನುಗ್ಗೆಸೊಪ್ಪನ್ನೋ ಹಾಕುವುದನ್ನು ನಿಮ್ಮ ಮನೆಯಲ್ಲಿ ನೋಡಿರಬಹುದು. ಏಕೆಂದು ಕೇಳಿದರೆ ‘ಘಮ ಬರುತ್ತದೆ’ ಎನ್ನುತ್ತಾರೆ. ಘಮದ ಜೊತೆಗೆ ಇನ್ನೊಂದು ಕೆಲಸವೂ ಅಲ್ಲಿ ನಡೆಯುತ್ತದೆ. ವೀಳ್ಯದೆಲೆಯಲ್ಲಿರುವ ಫೀನಾಲ್ ಜಾತಿಯ ವಸ್ತುಗಳು ತುಪ್ಪ ಬೇಗ ಕಮಟು ಹಿಡಿಯದಂತೆ ತಡೆಯುತ್ತವೆ. ಇಂಥ ವಸ್ತುಗಳಿಗೆ ಉತ್ಕರ್ಷಣ ನಿರೋಧಕಗಳು ಎಂದು ಹೆಸರು. ಔಷಧಿ ಅಂಗಡಿಯ ಡಬ್ಬಿಗಳ ಮೇಲೆ ‘ಆಂಟಿಆಕ್ಸಿಡೆಂಟ್’ ಎಂದು ದಪ್ಪಕ್ಷರದಲ್ಲಿ ಮುದ್ರಿಸಿರುವುದು ಇದನ್ನೇ.

ತುಪ್ಪದಲ್ಲಿ ಕೆಲಸ ಮಾಡಿದ್ದು ರಕ್ತನಾಳದಲ್ಲೂ ಮಾಡುತ್ತದೆಯೇ? ಹೃದಯವನ್ನು ಕಾಪಾಡುತ್ತದೆಯೇ, ಮುಪ್ಪನ್ನು ಮುಂದೂಡುತ್ತದೆಯೇ? ಇಂದಿನ ಮಾತು ಈ ಪ್ರಶ್ನೆಯನ್ನು ಕುರಿತದ್ದು.

ಮೊದಲು ರಸಾಯನಶಾಸ್ತ್ರ. ಅಣುಗಳಲ್ಲಿ ಎಲೆಕ್ಟ್ರಾನುಗಳು ಸಾಮಾನ್ಯವಾಗಿ ಜೋಡಿಯಾಗಿರುತ್ತವೆ. ಒಂದು ಎಲೆಕ್ಟ್ರಾನ್ ಒಂಟಿಯಾಗಿ ಉಳಿದರೆ ಅಂಥದ್ದು ಮುಕ್ತ ರಾಡಿಕಲ್. ಅದು ಪಕ್ಕದ ಅಣುವಿನಿಂದ ಎಲೆಕ್ಟ್ರಾನನ್ನು ಕಿತ್ತುಕೊಳ್ಳುತ್ತದೆ. ಕಳೆದುಕೊಂಡ ಅಣು ತಾನೇ ರಾಡಿಕಲ್ ಆಗಿ ಮತ್ತೊಂದರ ಮೇಲೆ ಬೀಳುತ್ತದೆ. ಎಣ್ಣೆ, ತುಪ್ಪ ಕಮಟಾಗುವುದು ಇಂಥ ಸರಪಳಿ ಕ್ರಿಯೆಯಿಂದಲೇ. ಉತ್ಕರ್ಷಣ ನಿರೋಧಕ ತನ್ನ ಎಲೆಕ್ಟ್ರಾನನ್ನು ಬಿಟ್ಟುಕೊಟ್ಟು, ತಾನು ಹೆಚ್ಚು ಉಪದ್ರವ ಕೊಡದ ರೂಪಕ್ಕೆ ತಿರುಗಿ, ಸರಪಳಿಯನ್ನು ಅಲ್ಲಿಗೇ ಕಡಿಯುತ್ತದೆ.

ನಾವು ಉಸಿರಾಡುವ ಆಮ್ಲಜನಕದ ಬಹುಪಾಲು ಜೀವಕೋಶಗಳ ಮೈಟೊಕಾಂಡ್ರಿಯಾಗಳಲ್ಲಿ ನೀರಾಗಿ ಮಾರ್ಪಡುತ್ತದೆ. ಸಣ್ಣದೊಂದು ಪಾಲು ಮಾತ್ರ ದಾರಿ ತಪ್ಪಿ ಸೂಪರ್‌ಆಕ್ಸೈಡ್ ಎಂಬ ರಾಡಿಕಲ್ ಆಗುತ್ತದೆ. ಬೀಡಿ ಸಿಗರೇಟಿನ ಹೊಗೆಯಂತೂ ರಾಡಿಕಲ್‌ಗಳ ಮೂಟೆಯೇ ಸರಿ. 1956ರಲ್ಲಿ ಡೆನ್ಹಮ್ ಹಾರ್ಮನ್ ಎಂಬ ಅಮೆರಿಕದ ವಿಜ್ಞಾನಿ ಒಂದು ಧೈರ್ಯದ ಮಾತನ್ನು ಮುಂದಿಟ್ಟರು: ಮುಪ್ಪೆಂದರೆ ಈ ರಾಡಿಕಲ್‌ಗಳು ದಿನದಿನವೂ ಮಾಡುವ ಸಣ್ಣಪುಟ್ಟ ಹಾನಿಯ ಒಟ್ಟು ಮೊತ್ತ. ಆಗ ಅದನ್ನು ಹೆಚ್ಚು ಮಂದಿ ಕಿವಿಗೆ ಹಾಕಿಕೊಳ್ಳಲಿಲ್ಲ. 1969ರಲ್ಲಿ ಜೋ ಮೆಕಾರ್ಡ್ ಮತ್ತು ಅರ್ವಿನ್ ಫ್ರಿಡೋವಿಚ್ ಅವರು ಸೂಪರ್‌ಆಕ್ಸೈಡನ್ನು ನಿವಾರಿಸುವುದಕ್ಕೆಂದೇ ಇರುವ ಕಿಣ್ವವೊಂದನ್ನು ಗುರುತಿಸಿದಾಗ ಗಾಳಿ ತಿರುಗಿತು. ದೇಹ ತಾನಾಗಿಯೇ ಕಾವಲುಗಾರನನ್ನು ಇಟ್ಟುಕೊಂಡಿದೆ ಎಂದರೆ ಕಳ್ಳನೂ ಇರಲೇಬೇಕಲ್ಲ!

ಇನ್ನು ಹೃದಯದ ವಿಷಯ. ರಕ್ತದಲ್ಲಿ ಕೊಲೆಸ್ಟರಾಲನ್ನು ಹೊತ್ತು ಸಾಗುವ ಎಲ್‌ಡಿಎಲ್ ಕಣಗಳು ಅಪಧಮನಿಯ ಒಳಪದರದ ಕೆಳಗೆ ನುಸುಳಿ ಅಲ್ಲೇ ಸಿಕ್ಕಿಕೊಳ್ಳುತ್ತವೆ. ಅಲ್ಲಿ ಅವು ಉತ್ಕರ್ಷಣಗೊಳ್ಳುತ್ತವೆ, ಅಂದರೆ ತುಪ್ಪದಂತೆಯೇ ಕಮಟಾಗುತ್ತವೆ ಎನ್ನಿ. ಹಾಗೆ ಕೆಟ್ಟ ಕಣಗಳನ್ನು ರಕ್ಷಣಾ ಕೋಶಗಳು ಮಿತಿಯಿಲ್ಲದೆ ನುಂಗಿ ಕೊಬ್ಬಿನಿಂದ ಉಬ್ಬುತ್ತವೆ. ಸೂಕ್ಷ್ಮದರ್ಶಕದಲ್ಲಿ ನೊರೆ ತುಂಬಿದಂತೆ ಕಾಣುವುದರಿಂದ ಅವಕ್ಕೆ ನೊರೆ ಕೋಶಗಳೆಂದೇ ಹೆಸರು. ಅವು ಗುಡ್ಡೆಗೂಡಿ ನಾಳದ ಗೋಡೆ ದಪ್ಪವಾಗುತ್ತದೆ. ಒಂದು ದಿನ ಆ ಗಡ್ಡೆ ಒಡೆದು, ರಕ್ತ ಹೆಪ್ಪುಗಟ್ಟಿ, ಹೃದಯಾಘಾತ. ಡೇನಿಯಲ್ ಸ್ಟೈನ್‌ಬರ್ಗ್ ಮತ್ತು ಸಂಗಡಿಗರು 1989ರಲ್ಲಿ ಈ ವಾದವನ್ನು ಸ್ಪಷ್ಟವಾಗಿ ಮಂಡಿಸಿದರು. ಹಾಗಿದ್ದರೆ ವಿಟಮಿನ್ ಇ ಕೊಟ್ಟು ಉತ್ಕರ್ಷಣವನ್ನು ತಡೆದುಬಿಟ್ಟರಾಯಿತಲ್ಲವೇ?

ಹಾಗೆಂದೇ ಎಲ್ಲರಿಗೂ ತೋರಿತು. 1993ರಲ್ಲಿ ಅಮೆರಿಕದ 87 ಸಾವಿರಕ್ಕೂ ಹೆಚ್ಚು ನರ್ಸ್‌ಗಳ ಸಮೀಕ್ಷೆಯೊಂದು ಪ್ರಕಟವಾಯಿತು. ವಿಟಮಿನ್ ಇ ಹೆಚ್ಚು ಸೇವಿಸುತ್ತಿದ್ದವರಲ್ಲಿ ಹೃದ್ರೋಗ ಸುಮಾರು ಮೂರನೆಯ ಒಂದು ಭಾಗದಷ್ಟು ಕಡಿಮೆ ಇತ್ತು. ಮಾತ್ರೆಗಳ ಮಾರಾಟ ಏರಿತು.

ಇಲ್ಲಿ ಸ್ವಲ್ಪ ನಿಲ್ಲಿ. ತಾವಾಗಿಯೇ ವಿಟಮಿನ್ ಮಾತ್ರೆ ಕೊಂಡು ನುಂಗುವವರು ಯಾರು? ಆರೋಗ್ಯದ ಮೇಲೆ ಗಮನವಿರುವವರು. ಅವರು ಬೆಳಿಗ್ಗೆ ನಡೆಯುತ್ತಾರೆ, ತರಕಾರಿ ತಿನ್ನುತ್ತಾರೆ, ವೈದ್ಯರ ಬಳಿ ಹೊತ್ತಿಗೆ ಸರಿಯಾಗಿ ಹೋಗುತ್ತಾರೆ. ಹಾಗಾದರೆ ಅವರ ಹೃದಯವನ್ನು ಕಾಪಾಡಿದ್ದು ಮಾತ್ರೆಯೋ ನಡಿಗೆಯೋ? ಲೆಕ್ಕಾಚಾರದಿಂದ ಇದನ್ನು ಸ್ವಲ್ಪಮಟ್ಟಿಗೆ ಸರಿದೂಗಿಸಬಹುದು, ಪೂರ್ತಿಯಾಗಿ ಅಲ್ಲ. ಉತ್ತರ ಬೇಕಾದರೆ ಒಂದೇ ದಾರಿ. ಸಾವಿರಾರು ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ನಿಜವಾದ ಮಾತ್ರೆ, ಇನ್ನೊಂದಕ್ಕೆ ನೋಡಲು ಅದರಂತೆಯೇ ಇರುವ ಹುಸಿಮಾತ್ರೆ ಕೊಡಬೇಕು. ಯಾರಿಗೆ ಯಾವುದು ಸಿಕ್ಕಿತೆಂದು ಕೊಡುವವರಿಗೂ ತಿಳಿದಿರಬಾರದು, ನುಂಗುವವರಿಗೂ ತಿಳಿದಿರಬಾರದು.

ಫಿನ್‌ಲೆಂಡಿನಲ್ಲಿ ಹೀಗೆಯೇ ಮಾಡಿದರು. 50ರಿಂದ 69 ವಯಸ್ಸಿನ 29,133 ಮಂದಿ, ಎಲ್ಲರೂ ಧೂಮಪಾನ ಮಾಡುವ ಗಂಡಸರು. ಗಜ್ಜರಿಗೆ ಬಣ್ಣ ಕೊಡುವ ಬೀಟಾ ಕೆರೋಟಿನ್ ಶ್ವಾಸಕೋಶದ ಕ್ಯಾನ್ಸರನ್ನು ತಗ್ಗಿಸೀತೆಂಬ ನಿರೀಕ್ಷೆ. 1994ರಲ್ಲಿ ಫಲಿತಾಂಶ ಬಂದಾಗ ಅದನ್ನು ನುಂಗಿದವರಲ್ಲಿ ಆ ಕ್ಯಾನ್ಸರ್ ಶೇಕಡಾ 18ರಷ್ಟು ಹೆಚ್ಚಾಗಿತ್ತು. ಹೌದು, ಹೆಚ್ಚಾಗಿತ್ತು. ಅಮೆರಿಕದಲ್ಲಿ ಧೂಮಪಾನಿಗಳು ಹಾಗೂ ಆಸ್‌ಬೆಸ್ಟಾಸ್ ಕಾರ್ಮಿಕರಿಗೆ ಬೀಟಾ ಕೆರೋಟಿನ್ ಜೊತೆ ವಿಟಮಿನ್ ಎ ಕೊಟ್ಟ ಇನ್ನೊಂದು ಪರೀಕ್ಷೆಯಲ್ಲೂ ಇದೇ ಬಗೆಯ ಸೂಚನೆ ಕಂಡು, 1996ರಲ್ಲಿ ಅದನ್ನು ಗೊತ್ತುಪಡಿಸಿದ ಅವಧಿಗೆ 21 ತಿಂಗಳು ಮೊದಲೇ ನಿಲ್ಲಿಸಲಾಯಿತು.

ಹೃದಯದ ಪರೀಕ್ಷೆಗೆ ನಮ್ಮ ಊರಿನ ನಂಟೊಂದಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ, ಮುಂದೆ ಕೆನಡಾದಲ್ಲಿ ನೆಲೆಸಿದ ಡಾ. ಸಲೀಂ ಯೂಸುಫ್ ಅವರ ನೇತೃತ್ವದಲ್ಲಿ ‘ಹೋಪ್’ ಎಂಬ ಅಧ್ಯಯನ ನಡೆಯಿತು. ಹೃದ್ರೋಗದ ಅಪಾಯ ಹೆಚ್ಚಿದ್ದ, 55 ದಾಟಿದ 9,541 ಮಂದಿಗೆ ಸರಾಸರಿ ನಾಲ್ಕೂವರೆ ವರ್ಷ ವಿಟಮಿನ್ ಇ ಅಥವಾ ಹುಸಿಮಾತ್ರೆ. ಫಲಿತಾಂಶ 2000ದಲ್ಲಿ ಬಂತು. ಹೃದಯಾಘಾತ, ಪಾರ್ಶ್ವವಾಯು ಅಥವಾ ಹೃದ್ರೋಗದ ಸಾವಿಗೆ ಈಡಾದವರು ವಿಟಮಿನ್ ಗುಂಪಿನಲ್ಲಿ ಶೇಕಡಾ 16.2, ಹುಸಿಮಾತ್ರೆಯ ಗುಂಪಿನಲ್ಲಿ ಶೇಕಡಾ 15.5. ಅಂದರೆ ಲಾಭವೇನೂ ಇಲ್ಲ. ಅದೇ ಅಧ್ಯಯನದಲ್ಲಿ ರಾಮಿಪ್ರಿಲ್ ಎಂಬ ರಕ್ತದೊತ್ತಡದ ಔಷಧಿಯನ್ನೂ ಪರೀಕ್ಷಿಸಿದ್ದರು. ಅಲ್ಲಿ ಹುಸಿಮಾತ್ರೆಯವರು ಶೇಕಡಾ 17.8 ಇದ್ದರೆ ಔಷಧಿ ಪಡೆದವರು ಶೇಕಡಾ 14. ಜಾಹೀರಾತಿನ ಗದ್ದಲವೆಲ್ಲ ವಿಟಮಿನ್ನಿನ ಪಾಲಿಗೆ, ಪ್ರಾಣ ಉಳಿಸಿದ್ದು ಹೆಸರೇ ಕೇಳಿರದ ಮಾತ್ರೆ!

ಇಷ್ಟು ಚೆಂದದ ವಿಚಾರ ಏಕೆ ಸೋತಿತು? ದೇಹ ತುಪ್ಪದ ಡಬ್ಬಿಯಲ್ಲ ಎಂಬುದು ಒಂದು ಕಾರಣ. ಟೆಲಿವಿಷನ್ನಿನಲ್ಲಿ ರಾಡಿಕಲ್‌ಗಳನ್ನು ಕೆಂಪು ಗುಂಡುಗಳಾಗಿ, ನಿರೋಧಕಗಳನ್ನು ಹಸಿರು ಗುಂಡುಗಳಾಗಿ ತೋರಿಸುವುದು ವಾಡಿಕೆ. ನಮಗೆ ಖಳನಾಯಕನಿಲ್ಲದೆ ಕಥೆ ನಡೆಯುವುದಿಲ್ಲ. ವಾಸ್ತವದಲ್ಲಿ ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾಗಳನ್ನು ಕೊಲ್ಲಲು ಸೂಪರ್‌ಆಕ್ಸೈಡನ್ನು ಬೇಕೆಂದೇ ತಯಾರಿಸುತ್ತವೆ. ಹುಟ್ಟಿನಿಂದ ಈ ಶಕ್ತಿ ಇಲ್ಲದ ಮಕ್ಕಳು ಪದೇಪದೇ ಗಂಭೀರ ಸೋಂಕಿಗೆ ಒಳಗಾಗುತ್ತಾರೆ. ರಕ್ತನಾಳಗಳನ್ನು ಸಡಿಲಗೊಳಿಸಿ ಹಿಗ್ಗಿಸುವ ನೈಟ್ರಿಕ್ ಆಕ್ಸೈಡ್ ಕೂಡ ಒಂದು ಮುಕ್ತ ರಾಡಿಕಲ್ಲೇ. ಅದರ ಸಂಶೋಧನೆಗೆ 1998ರ ನೊಬೆಲ್ ಪ್ರಶಸ್ತಿ ಸಂದಿತು. ವ್ಯಾಯಾಮದಿಂದಲೂ ರಾಡಿಕಲ್‌ಗಳು ಹುಟ್ಟುತ್ತವೆ. ದೇಹ ಅದನ್ನೇ ಸೂಚನೆಯಾಗಿ ತೆಗೆದುಕೊಂಡು ತನ್ನ ರಕ್ಷಣಾ ಕಿಣ್ವಗಳನ್ನು ಹೆಚ್ಚಿಸಿಕೊಳ್ಳುತ್ತದೆ. 2009ರಲ್ಲಿ ಪ್ರಕಟವಾದ ಜರ್ಮನಿಯ ಪ್ರಯೋಗವೊಂದರಲ್ಲಿ ವ್ಯಾಯಾಮದ ಜೊತೆ ವಿಟಮಿನ್ ಸಿ ಮತ್ತು ಇ ನುಂಗಿದ ತರುಣರಿಗೆ ಇನ್ಸುಲಿನ್‌ಗೆ ಸಂಬಂಧಿಸಿದ ಲಾಭ ಸಿಗಲೇ ಇಲ್ಲ. ಬರೀ ವ್ಯಾಯಾಮ ಮಾಡಿದವರಿಗೆ ಸಿಕ್ಕಿತು.

ಮುಪ್ಪಿನ ಸಿದ್ಧಾಂತವೂ ಹಾರ್ಮನ್ ಹೇಳಿದಷ್ಟು ಸರಳವಾಗಿ ಉಳಿದಿಲ್ಲ. ಪೂರ್ವ ಆಫ್ರಿಕಾದ ಬಿಲಗಳಲ್ಲಿ ನೇಕೆಡ್ ಮೋಲ್ ರ್ಯಾಟ್ ಎಂಬ ರೋಮವಿಲ್ಲದ ಪ್ರಾಣಿಯಿದೆ. ಅದರ ಅಂಗಾಂಶಗಳಲ್ಲಿ ಉತ್ಕರ್ಷಣದ ಹಾನಿ ಇಲಿಗಿಂತ ಹೆಚ್ಚಾಗಿಯೇ ಕಾಣುತ್ತದೆ. ಇಲಿ ಮೂರು ನಾಲ್ಕು ವರ್ಷಕ್ಕೆ ಸಾಯುತ್ತದೆ, ಇದು 30 ವರ್ಷ ದಾಟಿಯೂ ಬದುಕುತ್ತದೆ.

ಹಾಗೆಂದು ನೆಲ್ಲಿಕಾಯಿ, ಸೀಬೆಹಣ್ಣು, ಸೊಪ್ಪುಗಳನ್ನು ಬಿಟ್ಟುಬಿಡಬೇಡಿ. ಅವುಗಳಲ್ಲಿ ನಾರಿದೆ, ಪೊಟ್ಯಾಸಿಯಂ ಇದೆ, ನೂರಾರು ಬಗೆಯ ಇತರ ವಸ್ತುಗಳಿವೆ. ಸೊಪ್ಪು ತಿನ್ನುವವರ ಹೃದಯ ಚೆನ್ನಾಗಿದ್ದರೆ ಅದರ ಕೀರ್ತಿಯನ್ನು ಒಂದೇ ಅಣುವಿಗೆ ಕಟ್ಟಿ ಡಬ್ಬಿಗೆ ತುಂಬಲಾಗದು, ಅಷ್ಟೆ. ಕೊರತೆ ಇದ್ದವರಿಗೆ ವೈದ್ಯರು ಬರೆದುಕೊಡುವ ವಿಟಮಿನ್ನಿನ ವಿಚಾರವೇ ಬೇರೆ. ಆದರೆ ನಿಮ್ಮ ತಾತನೋ ಅಜ್ಜಿಯೋ ‘ನ್ಯಾಚುರಲ್’ ಎಂದು ಬರೆದ ದುಬಾರಿ ಕ್ಯಾಪ್ಸೂಲನ್ನು ನೆಚ್ಚಿಕೊಂಡು ಬಿ.ಪಿ. ಮಾತ್ರೆಯನ್ನು ನಿಲ್ಲಿಸಿದ್ದರೆ, ವೈದ್ಯರ ಬಳಿ ಕರೆದುಕೊಂಡು ಹೋಗಿ. ನಾಳೆಯೇ ಹೋಗಿ.

ಕಾರ್ಯಕ್ರಮದಲ್ಲಿ ವೇಳೆ ಸಾಲದೆ ಬಿಟ್ಟ ಒಂದು ಪ್ರಯೋಗವನ್ನು ಇಲ್ಲಿ ಹೇಳುತ್ತೇನೆ. ಸೇಬನ್ನು ನಾಲ್ಕು ಹೋಳು ಮಾಡಿ. ಒಂದನ್ನು ಹಾಗೆಯೇ ಬಿಡಿ, ಒಂದಕ್ಕೆ ನೀರು, ಒಂದಕ್ಕೆ ನಿಂಬೆರಸ, ಒಂದಕ್ಕೆ ವಿನಿಗರ್ ಸವರಿ. ಸೇಬು ಕಂದಾಗುವುದು ಕಿಣ್ವವೊಂದರ ಕೆಲಸ, ತುಪ್ಪದ ಸರಪಳಿಗಿಂತ ಬೇರೆ ಬಗೆಯದು; ಆದರೂ ಉತ್ಕರ್ಷಣವೇ. ವಿನಿಗರ್‌ನಲ್ಲಿ ಹುಳಿ ಇದೆ, ವಿಟಮಿನ್ ಸಿ ಇಲ್ಲ. ಆದ್ದರಿಂದ ನಿಂಬೆರಸದಲ್ಲಿ ಕೆಲಸ ಮಾಡಿದ್ದು ಬರೀ ಹುಳಿಯೋ ವಿಟಮಿನ್ನೋ ಎಂದು ಊಹಿಸಲು ದಾರಿಯಾಗುತ್ತದೆ. ಹತ್ತು ನಿಮಿಷಕ್ಕೊಮ್ಮೆ ಬಣ್ಣ ನೋಡಿ ಪುಸ್ತಕದಲ್ಲಿ ಬರೆದಿಡಿ. ಬಣ್ಣ ಹೇಳುವ ಕೆಲಸವನ್ನು ಮಾತ್ರ ಗೆಳೆಯರಿಗೋ ತಂಗಿಗೋ ವಹಿಸಿ. ಯಾವ ಹೋಳಿಗೆ ಏನು ಸವರಿದ್ದೀರೆಂದು ಅವರಿಗೆ ಕೊನೆಯವರೆಗೂ ಹೇಳಬೇಡಿ.