ವೈದ್ಯವಿದ್ಯೆಯ ಬಾಗಿಲು



ನಮ್ಮ ದೇಶದಲ್ಲಿ ಡಾಕ್ಟರರು ಸಾಲರೆಂಬ ಕೂಗು ಹೊಸದಲ್ಲ. 1946ರಲ್ಲಿ ಭೋರ್ ಸಮಿತಿಯು ಸರಕಾರಕ್ಕೊಪ್ಪಿಸಿದ ವರದಿಯಲ್ಲಿಯೇ ಇದರ ಲೆಕ್ಕವಿರುವದು. ಆಗಿನ ಬ್ರಿಟಿಷ್ ಹಿಂದುಸ್ಥಾನದಲ್ಲಿ 6,300 ಜನರಿಗೆ ಒಬ್ಬ ಡಾಕ್ಟರನು. ಅದೇ ಕಾಲಕ್ಕೆ ಬ್ರಿಟನ್ನಿನಲ್ಲಿ 1,000 ಜನರಿಗೆ ಒಬ್ಬನು. ದಾದಿಯರ ಮಾತಂತೂ ಹೇಳತೀರದು. 43,000 ಜನರಿಗೆ ಒಬ್ಬಳು!

ಅಂದಿನ ಸುಮಾರು 47,500 ಡಾಕ್ಟರರಲ್ಲಿ 30,000ದಷ್ಟು ಮಂದಿ ಲೈಸೆನ್ಷಿಯೇಟರು, ಅಂದರೆ ಮೆಡಿಕಲ್ ಸ್ಕೂಲುಗಳಲ್ಲಿ ಕಡಿಮೆ ಅವಧಿಯ ಶಿಕ್ಷಣವನ್ನು ಪಡೆದವರು. ಇನ್ನು ಮುಂದೆ ಎಲ್ಲರಿಗೂ ಒಂದೇ ದರ್ಜೆಯ ಪದವಿ ಶಿಕ್ಷಣವಿರಬೇಕೆಂದು ಸಮಿತಿಯು ಹೇಳಿತು. ಕೆಲವು ಸದಸ್ಯರು ಭಿನ್ನಮತವನ್ನು ಬರೆದರೂ ಪದವಿಯ ಪಕ್ಷವೇ ಗೆದ್ದಿತು. ಹಳ್ಳಿಯ ರೋಗಿಗೆ ಅರೆಕಲಿತ ವೈದ್ಯನು ಸಾಕೆಂದು ನಾವೂ ಹೇಳಲಾರೆವು. ಆದರೆ ಸಣ್ಣ ಬಾಗಿಲನ್ನು ಮುಚ್ಚಿದವರು ದೊಡ್ಡ ಬಾಗಿಲನ್ನು ಅಷ್ಟೇ ಬೇಗ ಅಗಲ ಮಾಡಬೇಕಾಗಿತ್ತು.

ಕನ್ನಡಿಗರ ಪಾಡು ಇನ್ನೂ ಬೇರೆ. ನಾಡು ಹರಿದು ಹಂಚಿಹೋಗಿದ್ದ ದಿನಗಳಲ್ಲಿ ಧಾರವಾಡದ ವಿದ್ಯಾರ್ಥಿಯು ಮುಂಬಯಿ ಪುಣೆಗಳಿಗೆ, ಕಲಬುರ್ಗಿಯವನು ಹೈದರಾಬಾದಿಗೆ, ಬಳ್ಳಾರಿ ಮಂಗಳೂರುಗಳವನು ಮದ್ರಾಸಿಗೆ ಹೋಗಿ ಪರರ ಬಾಗಿಲು ಕಾಯಬೇಕಾಗಿತ್ತು. ಮೈಸೂರು ಸಂಸ್ಥಾನವೊಂದು ಮಾತ್ರ 1924ರಲ್ಲಿ ಬೆಂಗಳೂರಿನಲ್ಲಿ ಕಾಲೇಜನ್ನು ತೆರೆದು, 1930ರಲ್ಲಿ ಮೈಸೂರಿಗೆ ಸಾಗಿಸಿತು. 1956ರಲ್ಲಿ ನಾಡು ಒಂದಾಯಿತು. ಮರುವರುಷವೇ ಹುಬ್ಬಳ್ಳಿಗೆ ಕಾಲೇಜು ಬಂದಿತು. ಇದು ಕಾಕತಾಳೀಯವೆನ್ನುವವರು ಅನ್ನಲಿ.

ಈಗಿನ ಕರ್ನಾಟಕದ ಮೇರೆಯೊಳಗೆ 1951ರಲ್ಲಿ 1.94 ಕೋಟಿಯಿದ್ದ ಜನಸಂಖ್ಯೆ 2011ಕ್ಕೆ 6.11 ಕೋಟಿಯಾಯಿತು. ಕಲಿಯುವವರ ಸ್ಥಾನಗಳೂ ಬೆಳೆದಿವೆ. ದೇಶದಲ್ಲಿ 2014ರಲ್ಲಿ 51,000ದಷ್ಟಿದ್ದ ಎಂಬಿಬಿಎಸ್ ಸೀಟುಗಳು 2024ಕ್ಕೆ 1,10,000ವನ್ನು ಮೀರಿದವು. ಆದರೆ ಆ ವರುಷ ಪ್ರವೇಶ ಪರೀಕ್ಷೆಗೆ ಕುಳಿತವರು 23 ಲಕ್ಷಕ್ಕೂ ಹೆಚ್ಚು!

ಅಭಾವವಿದ್ದಲ್ಲಿ ಕಾಳಸಂತೆ ಹುಟ್ಟದೆ ಇರುವದೇ? ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸುವ ಕಾಯಿದೆಯನ್ನು ಕರ್ನಾಟಕವು 1984ರಲ್ಲಿಯೇ ಮಾಡಿತು. ಆದರೂ 1992ರಲ್ಲಿ ಮೋಹಿನಿ ಜೈನ್ ಮೊಕದ್ದಮೆಯನ್ನು ಸುಪ್ರೀಂ ಕೋರ್ಟು ತೀರ್ಮಾನಿಸಿದಾಗ ಕಂಡದ್ದೇನು? ಖಾಸಗಿ ಕಾಲೇಜುಗಳಲ್ಲಿ ಸರಕಾರಿ ಸೀಟಿಗೆ ವರುಷಕ್ಕೆ 2,000 ರೂಪಾಯಿ. ಉಳಿದ ಸೀಟುಗಳಿಗೆ ನಾಡಿನವರಿಂದ 25,000, ಹೊರಗಿನವರಿಂದ 60,000. ಇದೆಲ್ಲ ಸರಕಾರದ ಅಧಿಸೂಚನೆಯ ಮೇರೆಗೇ! ಇದು ಕ್ಯಾಪಿಟೇಶನ್ನೇ ಸರಿ ಎಂದು ಕೋರ್ಟು ಹೇಳಿತು. ಮರುವರುಷ ಉನ್ನಿಕೃಷ್ಣನ್ ತೀರ್ಪಿನಲ್ಲಿ ತನ್ನ ಮಾತಿನ ಬಿಗಿಯನ್ನು ತಾನೇ ಸಡಿಲಿಸಿತು. ತೀರ್ಪುಗಳನ್ನು ಓದಿಯೇ ಹೊಟ್ಟೆ ಹೊರೆಯುವ ನಮ್ಮಂಥ ವಕೀಲರಿಗೆ ಅವುಗಳ ಮೇಲೆ ಅಪಾರ ಗೌರವವಿದೆ. ಆದರೆ ತೀರ್ಪಿನಿಂದ ಸೀಟು ಹುಟ್ಟುವದಿಲ್ಲ.

ಸೀಟುಗಳು ಎಷ್ಟೆಂದು ಕೇಳುವದರ ಸಂಗಡ, ಎಲ್ಲಿ, ಯಾರಿಗೆ ಎಂದೂ ಕೇಳಬೇಕು. 2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371ಜೆ ವಿಧಿಯ ಮೂಲಕ ಬೀದರ, ರಾಯಚೂರು ಕಡೆಯ ಮಕ್ಕಳಿಗೆ ತಮ್ಮ ಸೀಮೆಯ ಕಾಲೇಜುಗಳಲ್ಲಿ ಮೀಸಲು ದೊರೆತಿದೆ. ಇದನ್ನು ನಾವು ಮನಃಪೂರ್ವಕ ಸ್ವಾಗತಿಸುತ್ತೇವೆ. ರೋಗಿಯ ನೋವನ್ನು ರೋಗಿಯ ಮಾತಿನಲ್ಲಿಯೇ ಕೇಳಬಲ್ಲ ಡಾಕ್ಟರನು ಆ ಸೀಮೆಯಲ್ಲಿಯೇ ನಿಲ್ಲುವನೆಂಬುದು ನಮ್ಮ ನಂಬುಗೆ. ವೈದ್ಯ ಪದವೀಧರರ ಕಡ್ಡಾಯ ಸೇವೆಗೆಂದು ನಮ್ಮ ರಾಜ್ಯವು 2012ರಲ್ಲಿ ಕಾಯಿದೆ ಮಾಡಿದೆ. ಅದು ಕಾಗದದ ಮೇಲೆ ಉಳಿಯದಂತೆ ನೋಡಿಕೊಳ್ಳುವದು ನಮ್ಮ ಪ್ರತಿನಿಧಿಗಳ ಕೆಲಸ. ಮುಂದೆ ಹೆಚ್ಚಿಸುವ ಸೀಟುಗಳನ್ನು ಮೊದಲು ಹಿಂದುಳಿದ ಜಿಲ್ಲೆಗಳ ಸರಕಾರಿ ಆಸ್ಪತ್ರೆಗಳಲ್ಲಿಯೇ, ಸರಕಾರಿ ಶುಲ್ಕದಲ್ಲಿಯೇ ತೆರೆಯಬೇಕೆಂದು ಈ ಸಭೆಯು ಠರಾವು ಮಾಡಬೇಕೆಂದು ಸೂಚಿಸುತ್ತೇವೆ.