ನಮ್ಮ ಮನೆಯ ಎಲೆಯೂಟ, ವ್ರತ ಮತ್ತು ಮಧುಮೇಹ

(ಆರಾಧನಾ ಮಹೋತ್ಸವದ ಅಂಗವಾಗಿ ಮಠದ ಸಭಾಗೃಹದಲ್ಲಿ ಗೃಹಿಣಿಯೊಬ್ಬರು ಮಾಡಿದ ಭಾಷಣದ ಪಾಠ)

ಈ ವೇದಿಕೆಯಿಂದ ಮಾತನಾಡುವವರು ಸಾಮಾನ್ಯವಾಗಿ ವಿದ್ವಾಂಸರು. ನಾನು ಅಡಿಗೆಮನೆಯವಳು. ನಮ್ಮ ಮನೆಯಲ್ಲಿ ಆದ ಬದಲಾವಣೆಗಳನ್ನು ಹೇಳಿದರೆ ನಾಲ್ಕು ಜನರಿಗೆ ಉಪಯೋಗವಾದೀತೆಂದು ಕಾರ್ಯದರ್ಶಿಗಳು ಒತ್ತಾಯಿಸಿದ್ದರಿಂದ ನಿಂತಿದ್ದೇನೆ.

2024ರ ಜೂನ್ ತಿಂಗಳಿನಲ್ಲಿ ನಮ್ಮ ಯಜಮಾನರ ರಕ್ತಪರೀಕ್ಷೆಯಲ್ಲಿ ಎಚ್‌ಬಿಎ1ಸಿ 8.9 ಎಂದು ಬಂದಿತು. ಹಿಂದಿನ ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತಿಳಿಸುವ ಈ ಪರೀಕ್ಷೆಯಲ್ಲಿ 6.5 ಮುಟ್ಟಿದರೆ ಮಧುಮೇಹವೆಂದೇ ಲೆಕ್ಕ. ಮಾವನವರಿಗೆ ಈ ರೋಗವಿತ್ತು, ಅತ್ತೆಯವರಿಗೆ ಹದಿನೈದು ವರ್ಷಗಳಿಂದ ಇದೆ. ಆದ್ದರಿಂದ ಆಶ್ಚರ್ಯವಾಗಲಿಲ್ಲ. ಆದರೆ ಇಪ್ಪತ್ತಾರು ವರ್ಷದ ಮಗನಿಗೂ 5.9 ಬಂದು, ಅಂಚಿನಲ್ಲಿದ್ದಾನೆಂದು ವೈದ್ಯರು ಹೇಳಿದಾಗ ನನ್ನ ಕೈಕಾಲು ತಣ್ಣಗಾದವು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳೂ, ಹೀಗೆ ಅಂಚಿನಲ್ಲಿರುವವರು 13.6 ಕೋಟಿಯೂ ಇದ್ದಾರೆ.

ಆಗಲೇ ಚಾತುರ್ಮಾಸ್ಯ ಸಮೀಪಿಸಿತ್ತು. ಶಾಕವ್ರತದ ತಿಂಗಳಲ್ಲಿ ತರಕಾರಿ ಇಲ್ಲ. ಪಲ್ಯವಿಲ್ಲದ ಎಲೆಯಲ್ಲಿ ಅನ್ನ ತಾನಾಗಿಯೇ ಹೆಚ್ಚುತ್ತದೆ. ನಾರಿಲ್ಲದ ಬಿಳಿಯ ಅನ್ನ ಬೇಗನೆ ಜೀರ್ಣವಾಗಿ ಸಕ್ಕರೆಯನ್ನು ಏರಿಸುತ್ತದೆ. ವ್ರತವನ್ನು ಬಿಡುವ ಮಾತು ನಮ್ಮಲ್ಲಿ ಯಾರ ಬಾಯಿಂದಲೂ ಬರಲಿಲ್ಲ, ಹಾಗಾಗಿ ಬಡಿಸುವ ಕ್ರಮವನ್ನೇ ಬದಲಿಸಿದೆವು. ನಾಲ್ವರಿಗೆ ಎರಡು ಪಾವು ಅಕ್ಕಿ ಹಾಕುತ್ತಿದ್ದುದು ಒಂದು ಪಾವಿಗೆ ಇಳಿಯಿತು. ಪರಿಷೇಚನೆಗೂ ಪ್ರಾಣಾಹುತಿಗೂ ಬೇಕಾದಷ್ಟೇ ಅನ್ನವನ್ನು ಮೊದಲು ಬಡಿಸಿ, ಅನಂತರ ಹೆಸರುಬೇಳೆಯ ಕೋಸಂಬರಿ, ಜೀರಿಗೆ ಮೆಣಸು ಹಾಕಿದ ಗಟ್ಟಿ ತೊವ್ವೆ, ಗೋಧಿಯ ಚಪಾತಿ. ಉಳಿದ ಅನ್ನ ಕೊನೆಯಲ್ಲಿ, ಮಜ್ಜಿಗೆಗೆ. ಬೇಳೆ ಮೊದಲು, ಅನ್ನ ಆಮೇಲೆ ಉಂಡರೆ ಊಟದ ನಂತರ ಸಕ್ಕರೆ ಅಷ್ಟಾಗಿ ಏರದು. ದ್ವಿದಳ ವ್ರತದ ತಿಂಗಳು ಹೆಚ್ಚು ಕಷ್ಟ. ಆಗ ಬೇಳೆಯೂ ಇಲ್ಲ, ಹಾಲು ಮೊಸರುಗಳೇ ಗತಿ. ರೋಗಿಗೊಂದು, ಉಳಿದವರಿಗೊಂದು ಎಂದು ಎರಡು ಅಡಿಗೆ ನಾನು ಮಾಡಲಿಲ್ಲ. ಎಲ್ಲರಿಗೂ ಅದೇ ಎಲೆ. ಮಗ ಒಂದು ವಾರ ಮುಖ ಗಂಟು ಹಾಕಿಕೊಂಡಿದ್ದ, ಆಮೇಲೆ ಸರಿಹೋದ.

ಅತ್ತೆಯವರ ಏಕಾದಶಿಯದೇ ದೊಡ್ಡ ಚಿಂತೆಯಾಯಿತು. ಅವರಿಗೆ ಆಗ 77 ವರ್ಷ, ನಿರ್ಜಲ ಉಪವಾಸ ಮಾಡುವವರು. ಅವರು ತೆಗೆದುಕೊಳ್ಳುತ್ತಿದ್ದ ಗ್ಲಿಮೆಪಿರೈಡ್ ಮಾತ್ರೆ ಹೊಟ್ಟೆ ಖಾಲಿಯಿದ್ದರೂ ಇನ್ಸುಲಿನ್ ಸ್ರವಿಸುವಂತೆ ಮಾಡುತ್ತದೆ. ಒಂದು ಏಕಾದಶಿಯ ಸಂಜೆ ದೇವರ ಮುಂದೆ ಕುಳಿತಿದ್ದವರು ಬೆವೆತು ಮಾತು ತೊದಲಿದರು. ಅಳೆದಾಗ ಸಕ್ಕರೆ 58. ಎಪ್ಪತ್ತಕ್ಕಿಂತ ಇಳಿದರೇ ಅಪಾಯ. ಗ್ಲೂಕೋಸ್ ನೀರು ಕುಡಿಸಿದೆವು, ಹದಿನೈದು ನಿಮಿಷಗಳಲ್ಲಿ ಚೇತರಿಸಿಕೊಂಡರು. ವ್ರತಭಂಗವಾಯಿತೆಂದು ಅತ್ತುಬಿಟ್ಟರು. "ಡಾಕ್ಟರೇ, ಬೇಕಾದರೆ ಮಾತ್ರೆ ಬಿಡುತ್ತೇನೆ, ಏಕಾದಶಿ ಬಿಡಲಾರೆ" ಎಂದು ಮರುದಿನ ವೈದ್ಯರಿಗೇ ಹೇಳಿದರು. ಎಂಬತ್ತು ತುಂಬುವವರೆಗೆ ಉಪವಾಸ ಕರ್ತವ್ಯವೆಂಬ ಸ್ಮೃತಿವಚನ ಅವರಿಗೆ ಬಾಯಿಪಾಠ.

ಮಠದ ಪಂಡಿತರ ಬಳಿ ಅವರನ್ನು ಕರೆದುಕೊಂಡು ಬಂದೆವು. ನೀರು, ಗೆಡ್ಡೆ, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣರ ಇಚ್ಛೆ, ಗುರುವಚನ, ಔಷಧ ಎಂಬ ಎಂಟರಿಂದ ವ್ರತ ಕೆಡದೆಂಬ ಶಾಸ್ತ್ರವಾಕ್ಯವನ್ನು ಅವರು ತಿಳಿಸಿ, "ಅಮ್ಮಾ, ವೈದ್ಯರು ಹೇಳಿದ್ದು ಔಷಧ, ನಾನು ಹೇಳುತ್ತಿರುವುದನ್ನು ಗುರುವಚನವೆಂದು ತಿಳಿಯಿರಿ" ಎಂದರು. ವೈದ್ಯರು ಮಾತ್ರೆಯನ್ನು ಬದಲಿಸಿದರು. ಈಗ ಏಕಾದಶಿಯಂದು ಹಾಲು, ಹಣ್ಣು. ಮೂರು ಹೊತ್ತು ಸಕ್ಕರೆ ಅಳೆಯುವುದು. ದ್ವಾದಶಿಯ ಪಾರಣೆ ಬೆಳಗ್ಗೆ ಬೇಗನೆ. ಇದು ಅವರೊಬ್ಬರಿಗೆ ಹೇಳಿದ ವ್ಯವಸ್ಥೆ. ತಮ್ಮ ಮನೆಯ ಹಿರಿಯರಿಗೆ ಯಾವ ಮಾತ್ರೆ, ಎಂಥ ಉಪವಾಸವೆಂದು ತಮ್ಮ ವೈದ್ಯರನ್ನೇ ಮುಂದಿನ ಏಕಾದಶಿಯೊಳಗೆ ಕೇಳಬೇಕಾಗಿ ವಿನಂತಿ.

ಯಜಮಾನರು ಡೊಂಬಿವಲಿಗೆ ಲೋಕಲ್ ಗಾಡಿಯಲ್ಲಿ ನಿಂತೇ ಬರುವವರು; ನಡೆಯಲು ಹೇಳಿದರೆ ಮೊದಮೊದಲು ಅದನ್ನೇ ವ್ಯಾಯಾಮವೆಂದು ವಾದಿಸುತ್ತಿದ್ದರು. ಈಗ ರಾತ್ರಿ ಊಟವಾದ ಮೇಲೆ ತಂದೆ ಮಗ ಇಬ್ಬರೂ ಇಪ್ಪತ್ತು ನಿಮಿಷ ನಡೆಯುತ್ತಾರೆ. ಮಳೆಗಾಲದಲ್ಲಿ ಕಟ್ಟಡದ ಕೆಳಗೆ ಕಾರು ನಿಲ್ಲಿಸುವ ಜಾಗವೇ ಅವರ ಉದ್ಯಾನ.

ಮಠದ ಪಂಕ್ತಿಯಲ್ಲಿ ಬಡಿಸುವ ಸಹೋದರರಲ್ಲಿ ಒಂದು ಪ್ರಾರ್ಥನೆ. ಹಯಗ್ರೀವ ಬಂದಾಗ ನಮ್ಮವರು ಕೈ ಅಡ್ಡ ಹಿಡಿದರೆ ಒಂದು ಚಮಚಕ್ಕೆ ನಿಲ್ಲಿಸಿ. ಎಲೆಯಲ್ಲಿ ಪ್ರಸಾದ ಬಿಡುವ ಹಾಗಿಲ್ಲ, ಹಾಕಿದ್ದೆಲ್ಲವನ್ನೂ ಉಣ್ಣಲೇಬೇಕಾಗುತ್ತದೆ.

2025ರ ಜೂನ್‌ನಲ್ಲಿ ಯಜಮಾನರದು 6.8, ಮಗನದು 5.6. ಮಾತ್ರೆ ನಿಂತಿಲ್ಲ, ಕಡಿಮೆಯಾಗಿದೆ.

ಶ್ರೀಕೃಷ್ಣಾರ್ಪಣಮಸ್ತು.