ಸಕ್ಕರೆ ಕಾಯಿಲೆ: ರಕ್ತದ ವರದಿ ಮತ್ತು ಕಣ್ಣಿನ ಪರೀಕ್ಷೆ



ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವವರ ಫೈಲನ್ನು ಒಮ್ಮೆ ತೆರೆದು ನೋಡಿ. ಅದರ ತುಂಬ ರಕ್ತ ಪರೀಕ್ಷೆಯ ವರದಿಗಳಿರುತ್ತವೆ. ಕಣ್ಣಿನ ಪರೀಕ್ಷೆಯ ಒಂದು ಚೀಟಿಯಾದರೂ ಇದೆಯೇ? "ಶುಗರ್ ಕಂಟ್ರೋಲಿನಲ್ಲಿದೆ, ಕಣ್ಣೂ ಚೆನ್ನಾಗಿ ಕಾಣುತ್ತದೆ, ಮತ್ತೇಕೆ ಕಣ್ಣಿನ ಡಾಕ್ಟರು?" ಎಂದು ಕೇಳುವವರು ಅನೇಕರು. ಅದಕ್ಕೆ ಉತ್ತರ ಹೇಳುವುದೇ ನನ್ನ ಈ ಮಾತಿನ ಉದ್ದೇಶ.

ಕಣ್ಣಿನ ಹಿಂಭಾಗದಲ್ಲಿ ಅಕ್ಷಿಪಟಲ, ಅಂದರೆ ರೆಟಿನಾ ಎಂಬ ತೆಳುವಾದ ಪದರವಿದೆ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ಅಲ್ಲಿನ ಸೂಕ್ಷ್ಮ ರಕ್ತನಾಳಗಳು ಹಾಳಾಗುತ್ತವೆ. ಕೆಲವು ಸೋರುತ್ತವೆ, ಕೆಲವು ಮುಚ್ಚಿಹೋಗುತ್ತವೆ. ಇದೇ ಡಯಾಬಿಟಿಕ್ ರೆಟಿನೋಪತಿ. ಆರಂಭದಲ್ಲಿ ನೋವೂ ಇಲ್ಲ, ದೃಷ್ಟಿ ಮಂಜಾಗುವುದೂ ಇಲ್ಲ.

ಹಾಗಾದರೆ ರಕ್ತ ಪರೀಕ್ಷೆಯಿಂದ ಇದು ತಿಳಿಯದೇ? ಅಪಾಯ ಎಷ್ಟಿದೆ ಎಂಬುದು ತಿಳಿಯುತ್ತದೆ. ಎಚ್‌ಬಿಎ1ಸಿ ಪರೀಕ್ಷೆ ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುತ್ತದೆ. ಅಮೆರಿಕ ಮತ್ತು ಕೆನಡಾದಲ್ಲಿ 1983ರಿಂದ 1993ರವರೆಗೆ ಟೈಪ್ 1 ಮಧುಮೇಹವಿದ್ದ 1441 ಜನರ ಮೇಲೆ ಒಂದು ದೊಡ್ಡ ಅಧ್ಯಯನ ನಡೆಯಿತು. ಅದರಲ್ಲಿ ಒಂದು ಗುಂಪಿನ ಎಚ್‌ಬಿಎ1ಸಿ ಸುಮಾರು 7ರಲ್ಲಿ, ಇನ್ನೊಂದರದು 9ರ ಆಸುಪಾಸಿನಲ್ಲಿ ಇತ್ತು. ಮೊದಲು ಕಣ್ಣಿನ ತೊಂದರೆ ಇಲ್ಲದಿದ್ದವರಲ್ಲಿ, ಬಿಗಿಯಾದ ಹತೋಟಿಯಿಂದ ರೆಟಿನೋಪತಿ ಬರುವ ಸಂಭವ ಶೇಕಡಾ 76ರಷ್ಟು ತಗ್ಗಿತು. ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್, ಕೊಲೆಸ್ಟರಾಲ್ ವರದಿಗಳೂ ಅಪಾಯವನ್ನು ಅಂದಾಜು ಮಾಡಲು ನೆರವಾಗುತ್ತವೆ.

ಆದರೆ ಅಪಾಯದ ಅಂದಾಜು ಬೇರೆ, ರೋಗದ ಪತ್ತೆ ಬೇರೆ. ರಕ್ತಹೀನತೆ ಇರುವವರಲ್ಲಿ ಎಚ್‌ಬಿಎ1ಸಿ ಅಂಕಿಯೇ ದಾರಿ ತಪ್ಪಿಸಬಹುದು. ಇನ್ನೂ ಒಂದು ವಿಷಯ: ಬಹುಕಾಲ ಏರಿದ್ದ ಸಕ್ಕರೆ ಬೇಗನೆ ಇಳಿದಾಗ, ಮೊದಲೇ ಇದ್ದ ರೆಟಿನೋಪತಿ ಕೆಲವರಲ್ಲಿ ಸ್ವಲ್ಪ ಕಾಲ ಉಲ್ಬಣಿಸುತ್ತದೆ. ವರದಿ ಸುಧಾರಿಸುತ್ತಿರುವಾಗಲೇ ಕಣ್ಣು ಕೆಡುತ್ತಿರುತ್ತದೆ! ಇದಕ್ಕೆ ಹೆದರಿ ಔಷಧಿ ಬಿಡಬಾರದು, ಕಣ್ಣು ತೋರಿಸಬೇಕು.

ರಕ್ತದಲ್ಲೇ ಈ ರೋಗದ ಗುರುತು ಹಿಡಿಯಲು ವಿಜ್ಞಾನಿಗಳು ಪ್ರಯತ್ನಿಸುತ್ತಿದ್ದಾರೆ. ಆಮ್ಲಜನಕ ಸಾಲದಾದಾಗ ರೆಟಿನಾ ವಿಇಜಿಎಫ್ ಎಂಬ ಪ್ರೋಟೀನನ್ನು ಹೆಚ್ಚಾಗಿ ಉತ್ಪಾದಿಸುತ್ತದೆ. ಅದನ್ನು ತಡೆಯುವ ಇಂಜೆಕ್ಷನ್ ಇಂದು ಅನೇಕರ ದೃಷ್ಟಿ ಉಳಿಸುತ್ತಿದೆ. ಆದರೆ ದೇಹದ ಇತರ ಭಾಗಗಳಿಂದಲೂ ಅದು ರಕ್ತಕ್ಕೆ ಸೇರುವುದರಿಂದ, ರಕ್ತದಲ್ಲಿನ ಅದರ ಪ್ರಮಾಣ ನೋಡಿ ಕಣ್ಣಿನ ಸ್ಥಿತಿ ಹೇಳಲಾಗದು. ರೆಟಿನಾ ಪರೀಕ್ಷೆಯ ಬದಲಿಗೆ ನಂಬಬಹುದಾದ ರಕ್ತ ಪರೀಕ್ಷೆ ಇನ್ನೂ ಬಂದಿಲ್ಲ.

ಆದ್ದರಿಂದ ನನ್ನ ವಿನಂತಿ ಇಷ್ಟೇ. ಟೈಪ್ 2 ಮಧುಮೇಹ ಗೊತ್ತಾದ ಕೂಡಲೇ ಕಣ್ಣಿಗೆ ಹನಿ ಹಾಕಿಸಿ ರೆಟಿನಾ ಪರೀಕ್ಷೆ ಮಾಡಿಸಿ. ಟೈಪ್ 1 ಆದರೆ ಐದು ವರ್ಷದೊಳಗೆ ಮಾಡಿಸಿ. ಬಳಿಕ ವೈದ್ಯರು ಬೇರೆ ಹೇಳದಿದ್ದರೆ ವರ್ಷಕ್ಕೊಮ್ಮೆ ಸಾಕು. ಮೊದಲೇ ಮಧುಮೇಹವಿರುವ ಗರ್ಭಿಣಿಯರು ಮೊದಲ ಮೂರು ತಿಂಗಳಲ್ಲೇ ತೋರಿಸಬೇಕು. ಹನಿ ಹಾಕಿದ ಮೇಲೆ ಕೆಲವು ಗಂಟೆ ಕಣ್ಣು ಮಂಜಾಗಿರುತ್ತದೆ. ಜೊತೆಗೆ ಯಾರಾದರೂ ಹೋಗಿ. ರಕ್ತದೊತ್ತಡವನ್ನೂ ಹತೋಟಿಯಲ್ಲಿಡಿ.

ಲೇಸರ್, ಇಂಜೆಕ್ಷನ್ ಚಿಕಿತ್ಸೆಗಳು ಇರುವ ದೃಷ್ಟಿಯನ್ನು ಕಾಪಾಡುತ್ತವೆ. ಕಳೆದುಹೋದ ದೃಷ್ಟಿಯನ್ನು ಪೂರ್ತಿ ಮರಳಿಸುವುದು ಅನೇಕ ವೇಳೆ ಸಾಧ್ಯವಾಗದು. ಇಂದು ಮನೆಗೆ ಹೋದೊಡನೆ ಆ ಫೈಲನ್ನು ತೆರೆಯಿರಿ. ಕಣ್ಣಿನ ಚೀಟಿ ಇಲ್ಲದಿದ್ದರೆ, ಈ ವಾರವೇ ಅಪ್ಪನನ್ನೋ ಅಮ್ಮನನ್ನೋ ಕರೆದುಕೊಂಡು ಹೋಗಿ.